ಯಾರಿಗೆ ಸಂದರ್ಭ, ಯಾರಿಗೆ ಸ್ವಭಾವ

ಅರಸೀಕೆರೆ ಜಂಕ್ಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ರೈಲಿಗೆ ಕಾಯುತ್ತಿದ್ದೀರಿ ಎಂದುಕೊಳ್ಳಿ. ಕಾಲ, ಮೊಬೈಲು ಬರುವುದಕ್ಕೆ ಮುಂಚಿನದು. ನಾಳೆ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ನಿಮ್ಮ ಜೀವದ ಗೆಳೆಯನ ಮದುವೆ. ಅಕ್ಕಸಾಲಿಗರ ಹತ್ತಿರ ಮಾಡಿಸಿದ ತಾಳಿ ನಿಮ್ಮ ಚೀಲದಲ್ಲಿದೆ. ತಂದು ಮುಟ್ಟಿಸುತ್ತೇನೆಂದು ಮಾತು ಕೊಟ್ಟವರು ನೀವೇ. ಬಸ್‌ಸ್ಟ್ಯಾಂಡಿನಿಂದ ಸ್ಟೇಷನ್ನಿಗೆ ಬರುವಷ್ಟರಲ್ಲಿ ಪರ್ಸು ಹೋಗಿದೆ. ಸ್ಟೇಷನ್ ಮಾಸ್ತರರನ್ನು ಕೇಳಿದ್ದಾಯಿತು, ಅಕ್ಕಪಕ್ಕದವರನ್ನು ಕೇಳಿದ್ದಾಯಿತು, ಯಾರೂ ಕಾಸು ಕೊಡಲಿಲ್ಲ. ಮುಹೂರ್ತದೊಳಗೆ ಮುಟ್ಟಿಸುವ ರೈಲು ಇದೊಂದೇ. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಗೃಹಸ್ಥರೊಬ್ಬರು ಕೋಟನ್ನು ಅಲ್ಲೇ ಬಿಟ್ಟು ಎದ್ದುಹೋಗಿದ್ದಾರೆ. ಕೋಟಿನ ಜೇಬಿನಿಂದ ಹುಬ್ಬಳ್ಳಿಯ ಟಿಕೆಟ್ಟು ಇಣುಕುತ್ತಿದೆ. ಅವರು ಉಳ್ಳವರು, ಇನ್ನೊಂದು ಟಿಕೆಟ್ಟು ಕೊಳ್ಳಬಲ್ಲವರು.

ಆ ಟಿಕೆಟ್ಟನ್ನು ತೆಗೆದುಕೊಳ್ಳುವುದು ಸರಿಯೋ, ಮದುವೆಗೆ ತಾಳಿ ತಲುಪದಿದ್ದರೂ ಪರವಾಗಿಲ್ಲ ಎಂದು ಸುಮ್ಮನೆ ನಿಲ್ಲುವುದು ಸರಿಯೋ? ಮುಂದೆ ಓದುವುದಕ್ಕೆ ಮೊದಲು ನಿಮ್ಮ ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ, ಮತ್ತು ಆ ಚರಿತ್ರೆಯಲ್ಲಿ ಮೈಸೂರಿಗೆ ದೊಡ್ಡ ಪಾಲಿದೆ. ಜೋನ್ ಮಿಲ್ಲರ್ ಎಂಬ ಅಮೆರಿಕದ ಮನೋವಿಜ್ಞಾನಿ ತಮ್ಮ ಸಹೋದ್ಯೋಗಿ ಡೇವಿಡ್ ಬೆರ್ಸಾಫ್ ಜೊತೆ ಸೇರಿ ಇಂಥ ಇಕ್ಕಟ್ಟಿನ ಕಥೆಗಳನ್ನು ಅಮೆರಿಕದ ನ್ಯೂ ಹೇವನ್ ಊರಿನವರಿಗೂ ನಮ್ಮ ಮೈಸೂರಿನವರಿಗೂ ಹೇಳಿ, ಯಾವುದು ಸರಿ ಎಂದು ಕೇಳಿದರು. ಮಕ್ಕಳನ್ನೂ ಕೇಳಿದರು, ದೊಡ್ಡವರನ್ನೂ ಕೇಳಿದರು. ಅವರ ಮೂಲ ಕಥೆಯಲ್ಲಿ ತಾಳಿಯ ಬದಲು ಮದುವೆಯ ಉಂಗುರವಿತ್ತು, ಹುಬ್ಬಳ್ಳಿಯ ಬದಲು ಸ್ಯಾನ್ ಫ್ರಾನ್ಸಿಸ್ಕೊ ಇತ್ತು. ಅದನ್ನು ಅರಸೀಕೆರೆಗೆ ತಂದದ್ದು ನಾನು. 1992ರಲ್ಲಿ ಪ್ರಕಟವಾದ ಆ ಅಧ್ಯಯನದ ಫಲಿತಾಂಶ ಸಾಮಾಜಿಕ ಮನೋವಿಜ್ಞಾನದ ಪಠ್ಯಪುಸ್ತಕಗಳನ್ನು ಸೇರಿತು. ಗೆಳೆಯನಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದೇ ಸರಿ ಎಂದವರ ಪ್ರಮಾಣ ಅಮೆರಿಕದಲ್ಲಿ ಇದ್ದದ್ದಕ್ಕಿಂತ ಮೈಸೂರಿನಲ್ಲಿ ಎರಡು ಪಟ್ಟಿಗೂ ಹೆಚ್ಚಿತ್ತು.

ಇದನ್ನು ಕೇಳಿದ ತಕ್ಷಣ ಇಬ್ಬರಿಗೆ ಎರಡು ಥರ ಅನಿಸಬಹುದು. ಒಬ್ಬರು, ‘ನೋಡಿ, ನಮ್ಮ ಜನಕ್ಕೆ ಕಳ್ಳತನವೂ ತಪ್ಪಲ್ಲ’ ಎಂದು ತಲೆ ತಗ್ಗಿಸಬಹುದು. ಇನ್ನೊಬ್ಬರು, ‘ನಮ್ಮಲ್ಲಿ ಇನ್ನೂ ಸ್ನೇಹಕ್ಕೆ ಬೆಲೆಯಿದೆ’ ಎಂದು ಎದೆಯುಬ್ಬಿಸಬಹುದು. ಇಬ್ಬರೂ ಅವಸರಪಡುತ್ತಿದ್ದಾರೆ ಎಂದು ನನಗೆ ತೋರುತ್ತದೆ. ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನೀತಿಯ ತೀರ್ಮಾನಗಳನ್ನು ಅಳೆಯುವ ಕೆಲಸವನ್ನು ಮನೋವಿಜ್ಞಾನದಲ್ಲಿ ಗಟ್ಟಿಯಾಗಿ ಶುರು ಮಾಡಿದವರು ಲಾರೆನ್ಸ್ ಕೋಲ್‌ಬರ್ಗ್. 1958ರ ತಮ್ಮ ಪಿಎಚ್‌.ಡಿ. ಪ್ರಬಂಧಕ್ಕಾಗಿ ಅವರು ಶಿಕಾಗೋ ಸುತ್ತಮುತ್ತಲಿನ 72 ಹುಡುಗರಿಗೆ ಕಥೆಗಳನ್ನು ಹೇಳಿ, ಅವರು ಕೊಡುವ ಉತ್ತರಕ್ಕಿಂತ ಉತ್ತರಕ್ಕೆ ಕೊಡುವ ಕಾರಣವನ್ನು ಗಮನಿಸಿದರು. ಸಾಯುತ್ತಿರುವ ಹೆಂಡತಿಗಾಗಿ ಗಂಡ ಔಷಧಿ ಕದಿಯಬಹುದೇ ಎಂಬ ಕಥೆ ಎಲ್ಲರಿಗೂ ಗೊತ್ತಿರುವುದೇ. ಆ ಕಾರಣಗಳನ್ನು ಅವರು ಆರು ಮೆಟ್ಟಿಲುಗಳಾಗಿ ಜೋಡಿಸಿದರು. ಏಟಿನ ಭಯಕ್ಕೆ ನೀತಿ ಪಾಲಿಸುವವರು ಕೆಳಗೆ, ಎಲ್ಲರಿಗೂ ಸಲ್ಲುವ ನ್ಯಾಯದ ತತ್ವವನ್ನು ಹಿಡಿದವರು ಮೇಲೆ. ಸ್ನೇಹಿತನಿಗಾಗಿ, ಮನೆಯವರಿಗಾಗಿ, ನಾಲ್ಕು ಜನ ಒಳ್ಳೆಯವನೆನ್ನಲಿ ಎಂಬುದಕ್ಕಾಗಿ ಮಾಡುತ್ತೇನೆ ಎನ್ನುವವರಿಗೆ ಅಲ್ಲಿ ಮೂರನೆಯ ಮೆಟ್ಟಿಲು. ಅಂದರೆ ಟಿಕೆಟ್ಟು ತೆಗೆದುಕೊಂಡು ಹುಬ್ಬಳ್ಳಿಗೆ ಹೊರಟ ಮೈಸೂರಿನವರು ಈ ಏಣಿಯಲ್ಲಿ ಅರ್ಧಕ್ಕೇ ನಿಂತವರು.

ಮಿಲ್ಲರ್ ಪ್ರಶ್ನಿಸಿದ್ದು ಏಣಿಯನ್ನೇ. ಮೈಸೂರಿನವರು ಕಳ್ಳತನ ಸರಿ ಎಂದಿರಲಿಲ್ಲ. ಗೆಳೆಯನ ಕಡೆಗಿನ ಹೊಣೆಯೂ ಕದಿಯಬಾರದು ಎಂಬುದರಷ್ಟೇ ತೂಕದ ಧರ್ಮ ಎಂದು ಅವರು ನಂಬಿದ್ದರು. 1990ರಲ್ಲಿ ಬೆರ್ಸಾಫ್ ಮತ್ತು ರಾಬಿನ್ ಹಾರ್ವುಡ್ ಜೊತೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಇದು ಇನ್ನಷ್ಟು ತಿಳಿಯಾಗುತ್ತದೆ. ಅಲ್ಲಿ ನೆರವು ಬೇಕಾದವರನ್ನು ಮೂರು ಬಗೆಯಾಗಿ ಇಟ್ಟರು: ಮಗ ಅಥವಾ ಮಗಳು, ಗೆಳೆಯ, ಗುರುತಿಲ್ಲದವರು. ಅಗತ್ಯವನ್ನೂ ಮೂರು ಮಾಡಿದರು: ಜೀವ ಹೋಗುವಂಥದ್ದು, ನಡುವಿನದು, ಚಿಕ್ಕದು. ಅಮೆರಿಕನ್ನರು ಜೀವದ ಪ್ರಶ್ನೆ ಬಂದಾಗ ನೆರವನ್ನು ನೀತಿಯ ಕಟ್ಟಳೆ ಎಂದರು. ಅಗತ್ಯ ಚಿಕ್ಕದಾಗುತ್ತಾ ಹೋದಂತೆ, ನಂಟು ದೂರವಾಗುತ್ತಾ ಹೋದಂತೆ, ಅದು ಅವರವರ ಇಷ್ಟ ಎಂದರು. ಭಾರತೀಯರು ಬಹುಮಟ್ಟಿಗೆ ಎಲ್ಲ ಕಡೆಯೂ ಮಾಡಲೇಬೇಕಾದದ್ದು ಎಂದರು. 1998ರ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಕುತೂಹಲದ್ದು. ನಿಮಗೆ ಆಗದ ಒಡಹುಟ್ಟಿದವರಿಗೆ, ನಿಮಗೆ ಇಷ್ಟವಿಲ್ಲದ ಸಹೋದ್ಯೋಗಿಗೆ ನೆರವಾಗುವ ಹೊಣೆ ಇದೆಯೇ ಎಂದು ಅಲ್ಲಿ ಕೇಳಿದರು. ಅಮೆರಿಕನ್ನರಲ್ಲಿ ಇಷ್ಟ ಕಡಿಮೆಯಾದಂತೆ ಹೊಣೆಯೂ ಕಡಿಮೆಯಾಯಿತು. ಭಾರತೀಯರಲ್ಲಿ ಹಾಗಾಗಲಿಲ್ಲ. ಮಾತು ಬಿಟ್ಟ ಅಣ್ಣನ ಮನೆಯ ಸಾವಿಗೂ ಹೋಗಿ ಹೆಗಲು ಕೊಡುವ ನಮ್ಮ ಊರುಗಳಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮಿಲ್ಲರ್ ಹೆಸರಾದದ್ದು ಇವೆಲ್ಲಕ್ಕೂ ಮುಂಚೆ, 1984ರ ಒಂದು ಲೇಖನದಿಂದ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡಿ, ಯೇಲ್‌ನಲ್ಲಿ ಕಲಿಸಿ, ಆಮೇಲೆ ನ್ಯೂಯಾರ್ಕಿನ ನ್ಯೂ ಸ್ಕೂಲ್‌ಗೆ ಬಂದ ಅವರ ವಿದ್ವತ್ ಬದುಕಿನ ಬೇರು ಆ ಮೈಸೂರಿನ ಕ್ಷೇತ್ರಕಾರ್ಯದಲ್ಲಿದೆ. ಅವರ ವಿಧಾನ ಬಹಳ ಸರಳ. ಶಿಕಾಗೋ ಮತ್ತು ಮೈಸೂರಿನಲ್ಲಿ ಜನರನ್ನು ಕೂರಿಸಿಕೊಂಡು, ನಿಮಗೆ ಚೆನ್ನಾಗಿ ಗೊತ್ತಿರುವವರು ಮಾಡಿದ ಒಂದು ಒಳ್ಳೆಯ ಕೆಲಸ ಹೇಳಿ, ಒಂದು ತಪ್ಪು ಕೆಲಸ ಹೇಳಿ, ಅವರು ಯಾಕೆ ಹಾಗೆ ಮಾಡಿದರು ಹೇಳಿ ಎಂದು ಕೇಳುವುದು. ದೊಡ್ಡವರ ಜೊತೆಗೆ 8, 11 ಮತ್ತು 15 ವರ್ಷದ ಮಕ್ಕಳನ್ನೂ ಕೇಳಿದರು.

ಮೈಸೂರಿನಲ್ಲಿ ಸಿಕ್ಕ ಒಂದು ಘಟನೆ ಹೀಗಿದೆ. ಒಬ್ಬ ವಕೀಲ ಮೋಟಾರ್ ಸೈಕಲ್ಲಿನಲ್ಲಿ ಕೋರ್ಟಿಗೆ ಹೋಗುತ್ತಿದ್ದಾನೆ. ಅಪಘಾತವಾಗಿ ಹಿಂದೆ ಕುಳಿತಿದ್ದವನು ಬಿದ್ದು ಪೆಟ್ಟು ಮಾಡಿಕೊಳ್ಳುತ್ತಾನೆ. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ, ವೈದ್ಯರ ಬಳಿ ಮಾತನ್ನೂ ಆಡದೆ, ತನ್ನ ಕೆಲಸಕ್ಕೆ ಹೋಗಿಬಿಡುತ್ತಾನೆ. ಗಾಯಾಳು ಸಾಯುತ್ತಾನೆ. ಇದನ್ನು ಹೇಳಿದ ಭಾರತೀಯರು ವಿವರಿಸಿದ್ದು ವಕೀಲನ ಸಂದರ್ಭವನ್ನು: ಕಕ್ಷಿದಾರನಿಗಾಗಿ ಕೋರ್ಟಿನಲ್ಲಿ ಇರಬೇಕಾದ ಹೊಣೆ ಅವನಿಗಿತ್ತು, ಗಾಬರಿಯಾಗಿರಬೇಕು, ಪೆಟ್ಟು ಅಷ್ಟು ದೊಡ್ಡದೆಂದು ಕಂಡಿರಲಿಕ್ಕಿಲ್ಲ. ಮೈಸೂರಿನವರು ಹೇಳಿದ ಇಂಥ ಘಟನೆಗಳನ್ನೇ ಅಮೆರಿಕನ್ನರ ಮುಂದೆ ಇಟ್ಟಾಗ ಅವರು ವಿವರಿಸಿದ್ದು ಸ್ವಭಾವವನ್ನು: ಹೊಣೆಗೇಡಿ, ಸ್ವಂತದ ಏಳಿಗೆಯೊಂದೇ ಮುಖ್ಯವಾದವನು. ಘಟನೆ ಒಂದೇ. ಒಂದು ಕಡೆ ಮನುಷ್ಯನ ಸುತ್ತ ಏನಿತ್ತು ಎಂದು ನೋಡಿದರು, ಇನ್ನೊಂದು ಕಡೆ ಮನುಷ್ಯನ ಒಳಗೆ ಏನಿದೆ ಎಂದು ನೋಡಿದರು. ಒಳ್ಳೆಯ ಕೆಲಸಗಳಿಗಿಂತ ತಪ್ಪು ಕೆಲಸಗಳ ವಿವರಣೆಯಲ್ಲಿ ಈ ಅಂತರ ಎದ್ದುಕಂಡಿತು.

ಇನ್ನೂ ಒಂದು ವಿಷಯ. 8 ವರ್ಷದ ಮಕ್ಕಳಲ್ಲಿ ಎರಡೂ ದೇಶಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವಯಸ್ಸು ಏರಿದಂತೆ ಅಮೆರಿಕದ ಮಕ್ಕಳು ಸ್ವಭಾವದ ಮಾತನ್ನು ಹೆಚ್ಚು ಹೆಚ್ಚು ಆಡತೊಡಗಿದರು, ಮೈಸೂರಿನ ಮಕ್ಕಳು ಸಂದರ್ಭದ ಮಾತನ್ನು. ಎಂದರೆ, ತಪ್ಪು ಮಾಡಿದವನನ್ನು ಹೇಗೆ ನೋಡಬೇಕು ಎಂಬುದು ಹುಟ್ಟಿನಿಂದ ಬರುವುದಲ್ಲ. ಮನೆಯಲ್ಲಿ, ಬೀದಿಯಲ್ಲಿ, ದೊಡ್ಡವರ ಮಾತು ಕೇಳುತ್ತಾ ಕಲಿಯುವುದು. ಅಲ್ಲಿಯವರೆಗೆ ಮನೋವಿಜ್ಞಾನಿಗಳು, ಮನುಷ್ಯರೆಲ್ಲರೂ ಇನ್ನೊಬ್ಬರ ನಡತೆಗೆ ಸ್ವಭಾವವನ್ನೇ ಕಾರಣವಾಗಿ ಹಿಡಿಯುತ್ತಾರೆ, ಸಂದರ್ಭದ ಒತ್ತಡವನ್ನು ಮರೆಯುತ್ತಾರೆ ಎಂದು ನಂಬಿದ್ದರು. 1977ರಲ್ಲಿ ಲೀ ರಾಸ್ ಇದಕ್ಕೆ ಮೂಲಭೂತ ತಪ್ಪು ಎಂಬರ್ಥದ ಹೆಸರನ್ನೇ ಕೊಟ್ಟಿದ್ದರು. ಆ ತಪ್ಪು ಅಷ್ಟೇನೂ ಮೂಲಭೂತವಲ್ಲ, ಅದನ್ನು ಮಾಡದೆಯೂ ದೊಡ್ಡವರಾಗಬಹುದು ಎಂದು ತೋರಿಸಿಕೊಟ್ಟವರು ಮೈಸೂರಿನ ಸಾಮಾನ್ಯ ಜನ.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಎದೆಯುಬ್ಬಿದ ಓದುಗರಿಗೆ ಸಂತೋಷವಾಗುತ್ತದೆ. ಆದರೆ ಮಿಲ್ಲರ್ ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ಓದಿ: ನಿಮಗೆ ಚೆನ್ನಾಗಿ ಗೊತ್ತಿರುವವರು ಮಾಡಿದ ಕೆಲಸ. ಗೊತ್ತಿಲ್ಲದವರ ಬಗ್ಗೆ, ಅಥವಾ ಗೊತ್ತಿದ್ದೂ ನಮ್ಮವರಲ್ಲದವರ ಬಗ್ಗೆ, ನಾವು ಹೇಗೆ ಮಾತಾಡುತ್ತೇವೆ?

ಅರಸೀಕೆರೆ ಸೀಮೆ ತೆಂಗಿನ ಸೀಮೆ. ಅಲ್ಲಿನ ಯಾವುದೇ ಜಗಲಿಯ ಮೇಲೆ ಕೇಳಿಬರಬಹುದಾದ ಎರಡು ಮಾತುಗಳನ್ನು ಊಹಿಸಿಕೊಳ್ಳಿ. ಯಜಮಾನರ ಮಗ ಸೊಸೈಟಿ ಸಾಲ ಕಟ್ಟಿಲ್ಲ. ‘ಅಯ್ಯೋ, ಅವನಾದ್ರೂ ಏನ್ ಮಾಡ್ಯಾನು? ಮಳೆ ಇಲ್ಲ, ಮರಕ್ಕೆ ನುಸಿ ಬಿತ್ತು, ಕಪ್ಪುತಲೆ ಹುಳ ಬಿತ್ತು, ಕೊಬ್ಬರಿಗೆ ರೇಟು ಬಿತ್ತು.’ ಎಲ್ಲವೂ ನಿಜವಾದ ಕಾರಣಗಳೇ. ಅದೇ ಜಗಲಿಗೆ ಇನ್ನೊಂದು ಸುದ್ದಿ ಬರುತ್ತದೆ. ಕಾಯಿ ಕೆಡವಲು ಮುಂಗಡ ತೆಗೆದುಕೊಂಡ ಮರ ಹತ್ತುವವನು ಹೇಳಿದ ದಿನ ಬರಲಿಲ್ಲ. ‘ಆ ಜನಾನೇ ಹಂಗೆ ಬಿಡಿ.’

ಎರಡನೆಯ ಮಾತು ಎಷ್ಟು ಚಿಕ್ಕದೆಂದು ನೋಡಿ. ಮೊದಲನೆಯದಕ್ಕೆ ಮಳೆ, ನುಸಿ, ಹುಳು, ಮಾರುಕಟ್ಟೆ ಇಷ್ಟೆಲ್ಲ ಬೇಕಾಯಿತು. ಎರಡನೆಯದಕ್ಕೆ ಏನೂ ಬೇಕಾಗಲಿಲ್ಲ. ಅವನ ಸೊಂಟ ಹಿಡಿದಿರಬಹುದು, ಹಿಂದಿನ ವಾರ ಜೊತೆಯವನೊಬ್ಬ ಮರದಿಂದ ಬಿದ್ದಿರಬಹುದು, ಮಗುವಿಗೆ ಜ್ವರವಿರಬಹುದು. ಯಾರೂ ಕೇಳುವುದಿಲ್ಲ. ಅವನದೊಂದು ತಪ್ಪಿಗೆ ಅವನ ಸ್ವಭಾವ ಮಾತ್ರವಲ್ಲ, ಅವನು ಹುಟ್ಟಿದ ಜನದ ಸ್ವಭಾವವೂ ಸಾಕ್ಷಿಯಾಗುತ್ತದೆ. ಥಾಮಸ್ ಪೆಟಿಗ್ರೂ ಎಂಬ ಸಾಮಾಜಿಕ ಮನೋವಿಜ್ಞಾನಿ 1979ರಲ್ಲಿ ಇದನ್ನೇ ಅಮೆರಿಕದ ವರ್ಣಭೇದದ ಸಂದರ್ಭದಲ್ಲಿ ವಿವರಿಸಿದರು. ಹೊರಗಿನ ಗುಂಪಿನವನು ತಪ್ಪು ಮಾಡಿದರೆ ಅದು ಆ ಗುಂಪಿನ ಗುಣ, ಒಳ್ಳೆಯದು ಮಾಡಿದರೆ ಅದು ಅದೃಷ್ಟ ಅಥವಾ ಅಪವಾದ. ನಮ್ಮಲ್ಲಿ ಅದಕ್ಕೆ ಸಿದ್ಧವಾದ ಮಾತೂ ಇದೆ: ‘ಆ ಜಾತಿಯಲ್ಲಿ ಹುಟ್ಟಿದರೂ ಎಷ್ಟು ಒಳ್ಳೆಯವನು!’ ಹೊಗಳಿದಂತೆ ಕಾಣುವ ಈ ವಾಕ್ಯದೊಳಗೆ ಒಂದು ಇಡೀ ಸಮುದಾಯದ ಮೇಲಿನ ತೀರ್ಪಿದೆ.

ಆದ್ದರಿಂದ ಸಂದರ್ಭವನ್ನು ನೋಡುವ ನಮ್ಮ ಅಭ್ಯಾಸವನ್ನು ಒಂದು ಸದ್ಗುಣ ಎಂದು ಕರೆಯುವ ಮೊದಲು, ಅದು ಯಾರ ಮನೆ ಬಾಗಿಲಿಗೆ ಬಂದು ನಿಂತುಬಿಡುತ್ತದೆ ಎಂದು ಕೇಳಬೇಕು. ಸಂದರ್ಭವೆಂಬುದು ಕಥೆ ಗೊತ್ತಿದ್ದರೆ ಮಾತ್ರ ಕಾಣುವಂಥದ್ದು. ಯಾರ ಕಥೆ ನಮಗೆ ಗೊತ್ತಿರುತ್ತದೆ ಎಂಬುದನ್ನು ಊರಿನ ಕೇರಿಗಳು, ನಾವು ಯಾರ ಮನೆಯಲ್ಲಿ ಊಟಕ್ಕೆ ಕೂರುತ್ತೇವೆ ಎಂಬುದು, ಯಾರ ಮದುವೆಗೆ ಹೋಗುತ್ತೇವೆ ಎಂಬುದು ಮೊದಲೇ ನಿರ್ಧರಿಸಿಬಿಟ್ಟಿರುತ್ತವೆ.

ಇನ್ನು ಎಲ್ಲರಿಗಿಂತ ಚೆನ್ನಾಗಿ ಯಾರ ಕಥೆ ನಮಗೆ ಗೊತ್ತು? ನಮ್ಮದೇ. ಇಲ್ಲಿಂದ ಪ್ರಶ್ನೆ ಒಳಕ್ಕೆ ತಿರುಗುತ್ತದೆ. 1971ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ರಿಚರ್ಡ್ ನಿಸ್ಬೆಟ್, ಮಾಡಿದವನು ತನ್ನ ಸಂದರ್ಭವನ್ನು ನೋಡುತ್ತಾನೆ, ನೋಡುವವನು ಮಾಡಿದವನ ಸ್ವಭಾವವನ್ನು ನೋಡುತ್ತಾನೆ ಎಂದು ವಾದಿಸಿದರು. 2006ರಲ್ಲಿ ಬರ್ಟ್ರಾಮ್ ಮಾಲ್ ಆವರೆಗಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಎಲ್ಲ ಕಡೆಯೂ ಇದು ನಿಜವಲ್ಲ ಎಂದರು. ಕೆಟ್ಟದ್ದು ನಡೆದಾಗ ಮಾತ್ರ ಇದು ಕಾಣುತ್ತದೆ, ಒಳ್ಳೆಯದು ನಡೆದಾಗ ತಿರುಗುಮುರುಗಾಗುತ್ತದೆ. ನನ್ನ ಒಳ್ಳೆಯದಕ್ಕೆ ನಾನು ಕಾರಣ, ನನ್ನ ಕೆಟ್ಟದ್ದಕ್ಕೆ ಕಾಲ ಕಾರಣ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಲು ಹೋದವನ ಗಾದೆಯನ್ನು ಕಟ್ಟಿದವರಿಗೆ ಇದು ಪ್ರಯೋಗವಿಲ್ಲದೆಯೇ ಗೊತ್ತಿತ್ತು.

ಆದರೆ ಗಾದೆಗೆ ಕಾಣದ ಒಂದು ಸಂಗತಿ ಪ್ರಯೋಗಕ್ಕೆ ಕಂಡಿದೆ. 2000ದಲ್ಲಿ ನಿಕೋಲಸ್ ಎಪ್ಲೀ ಮತ್ತು ಡೇವಿಡ್ ಡನ್ನಿಂಗ್ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆಗ ಕ್ಯಾನ್ಸರ್ ಸಂಸ್ಥೆಯ ನೆರವಿಗಾಗಿ ವರ್ಷಕ್ಕೊಮ್ಮೆ ಡ್ಯಾಫೊಡಿಲ್ ಹೂ ಮಾರುತ್ತಿದ್ದರು. ಮಾರಾಟಕ್ಕೆ ಕೆಲವು ವಾರ ಮುಂಚೆ ವಿದ್ಯಾರ್ಥಿಗಳನ್ನು ಕೇಳಿದರು: ನೀವು ಒಂದಾದರೂ ಹೂ ಕೊಳ್ಳುತ್ತೀರಾ? ನಿಮ್ಮ ಜೊತೆಯವರಲ್ಲಿ ಎಷ್ಟು ಜನ ಕೊಳ್ಳಬಹುದು? ತಾವು ಕೊಳ್ಳುತ್ತೇವೆ ಎಂದವರು ಶೇ. 83. ಜೊತೆಯವರಲ್ಲಿ ಕೊಳ್ಳುವವರು ಶೇ. 56 ಎಂದು ಅವರ ಅಂದಾಜು. ಮಾರಾಟ ಮುಗಿದ ಮೇಲೆ ನೋಡಿದರೆ, ನಿಜವಾಗಿ ಕೊಂಡವರು ಶೇ. 43.

ಈ ಮೂರು ಸಂಖ್ಯೆಗಳನ್ನು ನಿಧಾನವಾಗಿ ನೋಡಬೇಕು. ಆ ವಿದ್ಯಾರ್ಥಿಗಳು ಬೇರೆಯವರ ಬಗ್ಗೆ ಅಷ್ಟೇನೂ ತಪ್ಪು ತಿಳಿದಿರಲಿಲ್ಲ. ಪರೀಕ್ಷೆ ಇರುತ್ತದೆ, ಕೈಯಲ್ಲಿ ಚಿಲ್ಲರೆ ಇರುವುದಿಲ್ಲ, ಮಳೆ ಬರುತ್ತದೆ, ಮರೆತುಹೋಗುತ್ತದೆ ಎಂದು ಬೇರೆಯವರ ವಿಷಯದಲ್ಲಿ ಅವರಿಗೆ ಹೊಳೆದಿತ್ತು. ಅವರು ತಪ್ಪಿದ್ದು ತಮ್ಮ ಬಗ್ಗೆ. ತಮಗೂ ಪರೀಕ್ಷೆ ಇರುತ್ತದೆ, ತಮಗೂ ಮರೆತುಹೋಗುತ್ತದೆ ಎಂದು ಹೊಳೆಯಲಿಲ್ಲ. ನಾನು ದಯವಂತ, ಆದ್ದರಿಂದ ಕೊಳ್ಳುತ್ತೇನೆ. ಹಾಗಾದರೆ ನಾವು ನಮಗೆ ಯಾವಾಗಲೂ ಸಂದರ್ಭದ ರಿಯಾಯಿತಿ ಕೊಟ್ಟುಕೊಳ್ಳುತ್ತೇವೆ ಎಂಬುದೂ ಅರ್ಧ ನಿಜ. ಮುಂದೆ ಆಗಬೇಕಾದದ್ದರ ಬಗ್ಗೆ ಹೇಳುವಾಗ ನಾವು ನಮ್ಮ ಸ್ವಭಾವವನ್ನು ತೋರಿಸುತ್ತೇವೆ, ಆಗಿಹೋದದ್ದರ ಬಗ್ಗೆ ಹೇಳುವಾಗ ನಮ್ಮ ಸಂದರ್ಭವನ್ನು ತೋರಿಸುತ್ತೇವೆ. ಈ ಎರಡು ಲೆಕ್ಕಪುಸ್ತಕಗಳು ಒಂದಕ್ಕೊಂದು ತಾಳೆಯಾಗುವುದೇ ಇಲ್ಲ, ಯಾಕೆಂದರೆ ಎರಡನ್ನೂ ಒಟ್ಟಿಗೆ ತೆರೆದು ನೋಡುವ ಪ್ರಸಂಗವೇ ಬರುವುದಿಲ್ಲ.

ತನ್ನನ್ನು ತಾನು ಕಾಣುವುದರ ಈ ತೊಡಕಿಗೆ ನಮ್ಮ ಸೀಮೆಯಲ್ಲೇ ಒಂದು ಹಳೆಯ ಕಥೆಯಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಗಳ ಕೆಳಗೆ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಲ್ಲಿ ತಮ್ಮ ಗುರುತು ಬಿಟ್ಟುಹೋಗಿದ್ದಾರೆ. ಹೊಯ್ಸಳರ ಶಿಲ್ಪಿಗಳಲ್ಲಿ ಕೆಲವರು ಬರೀ ಹೆಸರು ಬರೆದು ಸುಮ್ಮನಾಗದೆ, ಎದುರಾಳಿ ಶಿಲ್ಪಿಗಳನ್ನು ಸೋಲಿಸಿದ ಬಿರುದುಗಳನ್ನೂ ಕಲ್ಲಿನಲ್ಲಿ ಕೊರೆದುಕೊಂಡಿದ್ದಾರೆ. ಶಾಸನಗಳಲ್ಲಿ ಸಿಗದ ಒಂದೇ ಹೆಸರು ಎಂದರೆ ಜನರ ಬಾಯಲ್ಲಿ ಎಲ್ಲರಿಗಿಂತ ಹೆಚ್ಚು ಉಳಿದಿರುವ ಜಕಣಾಚಾರಿಯದು. ಶಿಲ್ಪಿಗಳು ತಮ್ಮ ಬಗ್ಗೆ ತಾವು ಬರೆದುಕೊಂಡದ್ದು ಗೆಲುವನ್ನು. ಜನ ಶಿಲ್ಪಿಯ ಬಗ್ಗೆ ಕಟ್ಟಿದ್ದು ಸೋಲಿನ ಕಥೆಯನ್ನು.

ಕಥೆ ಗೊತ್ತಿರುವುದೇ. ಎಲ್ಲಿಂದಲೋ ಬಂದ ಹುಡುಗ ಡಂಕಣ, ಆಚಾರ್ಯರು ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷವಿದ್ದರೆ ನನ್ನ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣ ಶಪಥ ಮಾಡುತ್ತಾನೆ. ಆಮೇಲೆ ಇಬ್ಬರೂ ವಾದ ಮಾಡುವುದಿಲ್ಲ. ಮೂರ್ತಿಗೆ ಮೈತುಂಬ ಗಂಧ ಹಚ್ಚುತ್ತಾರೆ. ಎಲ್ಲ ಕಡೆ ಗಂಧ ಒಣಗಿ, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗೇ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟರೆ ಒಳಗೆ ಕಪ್ಪೆ. ಬೇಲೂರಿನ ಕಪ್ಪೆ ಚೆನ್ನಿಗರಾಯನನ್ನು ನೋಡಲು ಹೋದವರಿಗೆಲ್ಲ ಇದನ್ನು ಹೇಳುತ್ತಾರೆ. ಕೈ ಕತ್ತರಿಸಿಕೊಂಡದ್ದನ್ನು ಕೇಳಿ ನಾವು ನಿಟ್ಟುಸಿರು ಬಿಡುತ್ತೇವೆ. ಆದರೆ ಈ ಕಥೆಯ ಜಾಣತನ ಇರುವುದು ಗಂಧದಲ್ಲಿ. ಜೀವಮಾನವಿಡೀ ಕಲ್ಲು ತಿಳಿದವನಿಗೂ ತನ್ನ ಕೈಯ ಕೆಲಸದೊಳಗಿನ ಪೊಳ್ಳು ಕಾಣಲಿಲ್ಲ. ಅದನ್ನು ಕಾಣಿಸಿದ್ದು ಹೊರಗಿನವನೊಬ್ಬನ ಸಂಶಯ ಮತ್ತು ಇಬ್ಬರೂ ಒಪ್ಪಿದ ಒಂದು ಪರೀಕ್ಷೆ. ಹೂ ಕೊಳ್ಳುತ್ತೀರಾ ಎಂದು ಕೇಳಿ, ಕೊಂಡರೇ ಎಂದು ಆಮೇಲೆ ಎಣಿಸುವುದು ಅಂಥದೇ ಗಂಧ. ಎಲ್ಲಿ ಹಸಿ ಉಳಿಯುತ್ತದೋ ಅಲ್ಲಿ ನಮ್ಮ ಬಗ್ಗೆ ನಾವು ಹೇಳಿಕೊಂಡದ್ದು ಪೊಳ್ಳು. ಕೈ ಕತ್ತರಿಸಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಗಂಧ ಹಚ್ಚಲು ಒಪ್ಪಿದರೆ ಸಾಕು.

ಬೇಲೂರಿನಿಂದ ಹಳೇಬೀಡು ಹದಿನಾರು ಕಿಲೋಮೀಟರು. ಅಲ್ಲಿ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಒಂದು ಗರುಡಗಂಬವಿದೆ. ಶಿಲ್ಪ ನೋಡುವ ಭರದಲ್ಲಿ ಹಲವರು ಅದನ್ನು ದಾಟಿಹೋಗುತ್ತಾರೆ. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ತನ್ನ ದೊರೆ ಸತ್ತಾಗ ಹೆಂಡತಿಯೊಂದಿಗೆ, ತನ್ನ ಅನುಯಾಯಿಗಳೊಂದಿಗೆ ಪ್ರಾಣ ಬಿಟ್ಟದ್ದರ ನೆನಪು ಅದು. ದೊರೆಯ ಜೊತೆ ಸಾಯುವ ಪ್ರತಿಜ್ಞೆ ತೊಟ್ಟ ಗರುಡರು ಇವರು. ಕಂಬದ ಮೇಲೆ ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರ ಚಿತ್ರಗಳಿವೆ. ಬಲ್ಲಾಳ ಸತ್ತದ್ದು 1220ರಲ್ಲಿ.

ಮಿಲ್ಲರ್ ಅವರ ಬರಹಗಳನ್ನು ಓದಿದವರಿಗೆ ಈ ಕಂಬದ ಮುಂದೆ ಒಂದು ಕಸಿವಿಸಿಯಾಗಬೇಕು. 2011ರಲ್ಲಿ ಅವರು ರೇಖಾ ದಾಸ್ ಮತ್ತು ಶರ್ಮಿಷ್ಠಾ ಚಕ್ರವರ್ತಿ ಜೊತೆ ಪ್ರಕಟಿಸಿದ ಅಧ್ಯಯನದ ಸಾರ ಇದು: ಮನೆಯವರಿಗೆ, ಗೆಳೆಯರಿಗೆ ನೆರವಾಗುವುದು ಕರ್ತವ್ಯ ಎನಿಸಿದರೆ ಅಮೆರಿಕನ್ನರಿಗೆ ಅದರಲ್ಲಿ ಸ್ವಂತ ಇಚ್ಛೆ ಕುಂದಿದಂತೆ ತೋರುತ್ತದೆ, ಭಾರತೀಯರಿಗೆ ಕರ್ತವ್ಯವೂ ಇಚ್ಛೆಯೂ ಒಟ್ಟಿಗೇ ಇರಬಲ್ಲವು, ಕರ್ತವ್ಯದಲ್ಲಿ ತೃಪ್ತಿಯೂ ಇರಬಲ್ಲದು. ನಾನು ಇದನ್ನು ನಂಬುತ್ತೇನೆ. ಕಾಯಿಲೆಯ ಅತ್ತೆಯನ್ನು ಹತ್ತು ವರ್ಷ ನೋಡಿಕೊಂಡ ಹೆಂಗಸನ್ನು, ‘ಪಾಪ, ಬಲವಂತಕ್ಕೆ ಮಾಡಿದಳು’ ಎಂದುಬಿಡುವುದು ಅವಳ ಬದುಕಿಗೆ ಮಾಡುವ ಅವಮಾನವಾಗಬಹುದು. ಆದರೆ ‘ಅವಳಿಗೆ ಅದರಲ್ಲೇ ಸುಖ’ ಎಂದು ಅವಳ ಗಂಡ ಹೇಳಿದರೆ? ಅದು ಕೂಡ ಸ್ವಭಾವದ ಮಾತೇ, ಕೇಳಲು ಹಿತವಾದದ್ದು ಎಂಬುದಷ್ಟೇ ವ್ಯತ್ಯಾಸ. ಕುವರ ಲಕ್ಷ್ಮನ ಹೆಂಡತಿಗೆ, ಅವನ ಹಿಂದೆ ಹೋದ ಹೆಸರಿಲ್ಲದ ಆಳುಗಳಿಗೆ ಸಾವಿನಲ್ಲಿ ತೃಪ್ತಿಯಿತ್ತೇ ಎಂಬುದನ್ನು ಕಂಬ ಹೇಳಲಾರದು. ಕಂಬ ನಿಲ್ಲಿಸುವವರು ಉಳಿದವರು. ಮಿಲ್ಲರ್ ಅವರ ಕೆಲಸಕ್ಕೂ ಕಂಬಕ್ಕೂ ಇರುವ ಅಂತರ ಇಷ್ಟೇ, ಆದರೆ ಅದು ದೊಡ್ಡ ಅಂತರ: ಅವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರು.

ಮೊದಲಿನ ಇಕ್ಕಟ್ಟಿನಲ್ಲೂ ಹೀಗೆ ಯಾರೂ ಕೇಳದ ಒಬ್ಬರಿದ್ದಾರೆ. ಅಲ್ಲಿ ನಿಮಗೊಬ್ಬ ಗೆಳೆಯನಿದ್ದ, ತಾಳಿಯಿತ್ತು, ಕೊಟ್ಟ ಮಾತಿತ್ತು, ಕಳೆದುಹೋದ ಪರ್ಸಿತ್ತು. ಕೋಟಿನ ಯಜಮಾನರಿಗೆ ಏನಿತ್ತು? ಕೋಟು ಮತ್ತು ದುಡ್ಡು. ಅವರು ಹುಬ್ಬಳ್ಳಿಗೆ ಯಾಕೆ ಹೊರಟಿದ್ದರು? ಅಲ್ಲಿನ ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದ್ದರೇ? ರೈಲು ಬಂದ ಮೇಲೆ ಜೇಬು ತಡವಿಕೊಂಡು ಗಾಬರಿಯಾದರೇ? ಟಿಕೆಟ್ಟು ತೆಗೆದುಕೊಳ್ಳಬೇಕೆಂದವರೂ ಕೂಡದೆಂದವರೂ ಇದನ್ನು ಕೇಳುವ ಅಗತ್ಯವಿಲ್ಲದಂತೆ ಕಥೆಯನ್ನು ಹೆಣೆಯಲಾಗಿದೆ. ನ್ಯಾಯದ ಕಡೆ ನಿಂತವರಿಗೆ ಅವರೊಂದು ಹಕ್ಕು, ಸ್ನೇಹದ ಕಡೆ ನಿಂತವರಿಗೆ ಅವರೊಂದು ಅಡ್ಡಿ. ಎರಡೂ ಕಡೆಯವರಿಗೆ ಅವರು ಮನುಷ್ಯರಾಗಿ ಕಾಣುವುದು ತಡ.

ಕೋಲ್‌ಬರ್ಗರ ಏಣಿಯ ಮೇಲ್ತುದಿಗೂ ಮೈಸೂರಿನವರ ಹೊಣೆಗಾರಿಕೆಗೂ ಜಗಳ ಹಚ್ಚಿ ಒಂದನ್ನು ಆರಿಸುವುದು ಆದ್ದರಿಂದ ನನಗೆ ಮುಖ್ಯವೆನಿಸುವುದಿಲ್ಲ. ಎಲ್ಲರಿಗೂ ಒಂದೇ ಅಳತೆ ಎಂಬ ನ್ಯಾಯದ ಹಟವನ್ನೂ, ಸುತ್ತ ಏನಿತ್ತು ನೋಡು ಎಂಬ ಮೈಸೂರಿನ ರೂಢಿಯನ್ನೂ ಒಂದೇ ಮಾತಿನಲ್ಲಿ ಕೂಡಿಸಬಹುದು: ಸಂದರ್ಭವನ್ನು ನೋಡುವುದಾದರೆ ಎಲ್ಲರದನ್ನೂ ನೋಡು. ಮನೆಯ ಮಗನಿಗೆ ಮಳೆಯ ಕಾರಣ ಸಲ್ಲುವುದಾದರೆ ಮರ ಹತ್ತುವವನಿಗೆ ಸೊಂಟದ ಕಾರಣ ಸಲ್ಲಲಿ. ಅವನಿಗೆ ಸ್ವಭಾವದ ಪ್ರಶ್ನೆ ಕೇಳುವುದಾದರೆ ನನಗೂ ಕೇಳಲಿ. ಎಲ್ಲರ ಸಂದರ್ಭ ನೋಡುತ್ತಾ ಹೋದರೆ ಯಾರನ್ನೂ ತಪ್ಪಿತಸ್ಥ ಎನ್ನುವಂತಿಲ್ಲವಲ್ಲ ಎಂದು ನೀವು ಕೇಳಬಹುದು. ಹಾಗೇನಿಲ್ಲ. ವಕೀಲ ವೈದ್ಯರ ಜೊತೆ ಮಾತಾಡದೆ ಹೋದದ್ದು ಅವನ ಗಾಬರಿಯನ್ನು ತಿಳಿದ ಮೇಲೂ ತಪ್ಪೇ. ಸಂದರ್ಭ ತಿಳಿದ ಮೇಲೆ ತೀರ್ಪು ಕೊಡುವುದು ನಿಲ್ಲುವುದಿಲ್ಲ. ಅವನು ಮಾಡಿದ್ದಕ್ಕೆ ತೀರ್ಪು ಕೊಡುತ್ತೇವೆ, ಅವನು ಎಂಥವನು ಎಂಬುದಕ್ಕೆ ಕೊಡುವ ಅವಸರ ನಿಲ್ಲುತ್ತದೆ.

8 ವರ್ಷದ ಮಕ್ಕಳ ಮಾತು ನನ್ನಲ್ಲಿ ಉಳಿದುಬಿಟ್ಟಿದೆ. ಆ ವಯಸ್ಸಿನಲ್ಲಿ ಶಿಕಾಗೋದ ಮಗುವೂ ಮೈಸೂರಿನ ಮಗುವೂ ಹೆಚ್ಚುಕಡಿಮೆ ಒಂದೇ ಥರ ಮಾತಾಡುತ್ತಿದ್ದವು. ಆಮೇಲೆ ಅವು ನಮ್ಮ ಮಾತು ಕೇಳಿ ಬೇರೆಬೇರೆಯಾದವು. ಇವತ್ತು ರಾತ್ರಿ ಊಟದ ಹೊತ್ತಿಗೆ ಯಾವುದೋ ಮನೆಯಲ್ಲಿ ಬಾರದ ಕೆಲಸದವರ ಮಾತು ಬರುತ್ತದೆ, ಸಾಲ ಕಟ್ಟದ ನೆಂಟರ ಮಾತೂ ಬರುತ್ತದೆ. ಒಬ್ಬರಿಗೆ ‘ಏನಾಯಿತೋ ಪಾಪ’ ಎನ್ನುತ್ತಾರೆ, ಇನ್ನೊಬ್ಬರಿಗೆ ‘ಅವರು ಹಂಗೇ’ ಎನ್ನುತ್ತಾರೆ. ಯಾರಿಗೆ ಯಾವುದು ಎಂಬುದನ್ನು ತಟ್ಟೆಯ ಮುಂದೆ ಕುಳಿತ ಮಗು ತಲೆ ಎತ್ತದೆ ಕಲಿತುಕೊಳ್ಳುತ್ತದೆ.